ನೆಟ್‌ವರ್ಕ್ ಬೂಸ್ಟರ್‌ಗೆ ದುಡ್ಡು ಹಾಕುವ ಮುಂಚೆ ಅಳೆದು ನೋಡಿ: ಕಿಸೆಯಲ್ಲಿರುವ ಫೋನೇ ನಿಮ್ಮ ಮೀಟರ್

"ಈ ಕೋಡ್ ಒತ್ತಿ, ನೆಟ್‌ವರ್ಕ್ ಡಬಲ್ ಆಗುತ್ತದೆ." "ಬ್ಯಾಟರಿ ಹಿಂದೆ ಈ ಸ್ಟಿಕ್ಕರ್ ಅಂಟಿಸಿ, ಹಳ್ಳಿಯಲ್ಲೂ ಫುಲ್ ಟವರ್." "ಈ ಡಬ್ಬಿ ಮನೆ ಮೇಲೆ ಇಟ್ಟರೆ ಸಾಕು, ಸಿಮ್ ಬದಲಿಸುವ ಕೆಲಸವೇ ಇಲ್ಲ." ಇಂಥ ಫಾರ್ವರ್ಡ್‌ಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೆಟ್‌ವರ್ಕ್ ಸಿಗದೆ ಬೇಸತ್ತವರು ಇವನ್ನು ನಂಬುವುದರಲ್ಲಿ ಆಶ್ಚರ್ಯವೇನಿಲ್ಲ. ಮುಂಡರಗಿಯ ಕಿರಾಣಿ ಅಂಗಡಿಯಲ್ಲಿ ಫೋನ್‌ಪೇ ಗಿರಗಿರ ತಿರುಗುತ್ತಾ ನಿಂತರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೋಗದಿದ್ದರೆ ಕೂಲಿ ಬಿಟ್ಟು ಬಂದವರು ಮರುದಿನವೂ ಬರಬೇಕಾಗುತ್ತದೆ. ಅರ್ಜಿ ತುಂಬಲು ಕೊನೆಯ ದಿನ ಇಂಟರ್‌ನೆಟ್ ಕೈಕೊಟ್ಟರೆ ಒಂದು ವರ್ಷವೇ ಹೋಗಬಹುದು.

ಇಂಥ ತೊಂದರೆ ಬಂದಾಗ ಬಹಳಷ್ಟು ಜನ ಮೊದಲು ಏನಾದರೂ ಕೊಳ್ಳುತ್ತಾರೆ. ಹೊಸ ರೌಟರ್, ಹೊಸ ಸಿಮ್, ಕೊನೆಗೆ ಹೊಸ ಫೋನ್. ತೊಂದರೆ ಎಲ್ಲಿದೆ ಎಂದು ಗೊತ್ತಿಲ್ಲದೆ ಕೊಂಡ ವಸ್ತು ಕೆಲಸ ಮಾಡಿದರೆ ಅದು ಅದೃಷ್ಟ ಅಷ್ಟೇ. ತೊಂದರೆ ಎಲ್ಲಿದೆ ಎಂದು ಹುಡುಕಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಹೆಚ್ಚಿನ ಕೆಲಸವನ್ನು ನಿಮ್ಮ ಕೈಯಲ್ಲಿರುವ ಫೋನೇ ಪುಕ್ಕಟೆ ಮಾಡುತ್ತದೆ. ಯಾವ ಸಾಧನ ಏನನ್ನು ಅಳೆಯುತ್ತದೆ, ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬುದನ್ನು ಇಲ್ಲಿ ನೋಡೋಣ.

ಫೋನಿನ ಗೆರೆಗಳನ್ನು ಎಷ್ಟು ನಂಬಬೇಕು?

ಫೋನಿನ ಮೂಲೆಯಲ್ಲಿ ಕಾಣುವ ನಾಲ್ಕೈದು ಗೆರೆಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಂದು ಕಂಪನಿಯ ಫೋನಿನಲ್ಲಿ ಮೂರು ಗೆರೆ ತೋರಿಸುವ ಸಿಗ್ನಲ್ ಇನ್ನೊಂದರಲ್ಲಿ ಎರಡೇ ಗೆರೆ ತೋರಿಸಬಹುದು. ಹಾಗಾಗಿ "ನನ್ನ ಫೋನಲ್ಲಿ ಫುಲ್ ಇದೆ, ನಿನ್ನದರಲ್ಲಿ ಯಾಕಿಲ್ಲ" ಎಂಬ ವಾದಕ್ಕೆ ಅರ್ಥವಿಲ್ಲ.

ನಿಜವಾದ ಅಳತೆಯ ಹೆಸರು ಡಿಬಿಎಂ. ಇದು ಯಾವಾಗಲೂ ಮೈನಸ್ ಸಂಖ್ಯೆಯಲ್ಲಿ ಬರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಅಂದರೆ -80 ಗಿಂತ -60 ಉತ್ತಮ. ನೆನಪಿಡಬೇಕಾದ ಲೆಕ್ಕ ಒಂದೇ: 10 ಕಡಿಮೆಯಾದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. -60 ಇದ್ದದ್ದು -80 ಆದರೆ ಶಕ್ತಿ ನೂರರಲ್ಲಿ ಒಂದು ಪಾಲಾಗಿದೆ ಎಂದರ್ಥ. ನೋಡಲು ಸಣ್ಣ ಸಂಖ್ಯೆ, ಆದರೆ ವ್ಯತ್ಯಾಸ ದೊಡ್ಡದು.

ವೈ-ಫೈಗೆ ಮತ್ತು ಮೊಬೈಲ್ ಡೇಟಾಗೆ ಒಳ್ಳೆಯ ಸಂಖ್ಯೆ ಬೇರೆ ಬೇರೆ. ವೈ-ಫೈಯಲ್ಲಿ -50 ಆಸುಪಾಸು ಚೆನ್ನಾಗಿದೆ, ವಿಡಿಯೊ ಕರೆಗೆ -67 ಅಥವಾ ಅದಕ್ಕಿಂತ ಉತ್ತಮ ಇರಲಿ ಎಂದು ತಂತ್ರಜ್ಞರು ಹೇಳುತ್ತಾರೆ, -80 ದಾಟಿದರೆ ತೊಂದರೆ ಶುರು. 4ಜಿಯಲ್ಲಿ ಹಾಗಲ್ಲ. ಅಲ್ಲಿ -90 ಒಳ್ಳೆಯ ಸಿಗ್ನಲ್, -100 ಸಾಧಾರಣ, -110 ದಾಟಿದರೆ ದುರ್ಬಲ. ವೈ-ಫೈಯ ಸಂಖ್ಯೆಯನ್ನು ಮೊಬೈಲ್ ಸಂಖ್ಯೆಯ ಜೊತೆ ಹೋಲಿಸಬೇಡಿ.

ಮೊದಲು ಕೇಳಬೇಕಾದ ಪ್ರಶ್ನೆ: ಕಡಿದಿರುವ ಕೊಂಡಿ ಯಾವುದು?

ನಿಮ್ಮ ಫೋನಿನಿಂದ ಬ್ಯಾಂಕಿನ ಅಥವಾ ಸರ್ಕಾರಿ ಕಚೇರಿಯ ಕಂಪ್ಯೂಟರ್‌ವರೆಗೆ ಮೂರು ಕೊಂಡಿಗಳಿವೆ ಎಂದುಕೊಳ್ಳಿ. ಮೊದಲನೆಯದು ಫೋನಿನಿಂದ ಮನೆಯ ರೌಟರ್ ಅಥವಾ ಹೊರಗಿನ ಟವರ್‌ವರೆಗೆ. ಎರಡನೆಯದು ಅಲ್ಲಿಂದ ಕಂಪನಿಯ ಕೇಬಲ್ ಮೂಲಕ ಹೊರಜಗತ್ತಿಗೆ. ಮೂರನೆಯದು ನೀವು ತಲುಪಬೇಕಾದ ಆ ಜಾಲತಾಣ ಅಥವಾ ಆ್ಯಪ್‌ನ ಕಂಪ್ಯೂಟರ್, ಅಂದರೆ ನಾವೆಲ್ಲ "ಸರ್ವರ್ ಇಲ್ಲ" ಎನ್ನುವಾಗ ಹೇಳುವ ಸರ್ವರ್.

ಬೂಸ್ಟರ್, ರೌಟರ್, ಆಂಟೆನಾ ಇವೆಲ್ಲ ಮೊದಲ ಕೊಂಡಿಗೆ ಮಾತ್ರ ಸಂಬಂಧಿಸಿದವು. ಉಳಿದ ಎರಡರಲ್ಲಿ ದೋಷ ಇದ್ದರೆ ಮನೆಯಲ್ಲಿ ಎಷ್ಟು ಖರ್ಚು ಮಾಡಿದರೂ ಪ್ರಯೋಜನವಿಲ್ಲ.

ಕೊಂಡಿ ಹುಡುಕಲು "ಪಿಂಗ್" ಎಂಬ ಪರೀಕ್ಷೆ ಸಾಕು. ಲ್ಯಾಪ್‌ಟಾಪ್‌ಗಳಲ್ಲಿ ಇದು ಮೊದಲೇ ಇರುತ್ತದೆ, ಫೋನಿಗೆ ಇದನ್ನು ಮಾಡುವ ಉಚಿತ ಆ್ಯಪ್‌ಗಳಿವೆ. ಪಿಂಗ್ ಅಂದರೆ ಬಾಗಿಲು ತಟ್ಟಿ "ಇದ್ದೀರಾ?" ಎಂದು ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು. ಮೂರು ಬಾಗಿಲು ತಟ್ಟಿ ನೋಡಿ.

1. ನಿಮ್ಮ ರೌಟರ್. ಇದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಸರಿಯಾದದ್ದು ರೌಟರ್ ತಳದ ಚೀಟಿಯಲ್ಲಿರುತ್ತದೆ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ನೂರಾರು ಮಿಲಿಸೆಕೆಂಡ್ ತಗೊಂಡರೆ, ನಡುನಡುವೆ ಉತ್ತರವೇ ಬಾರದಿದ್ದರೆ ದೋಷ ಮನೆಯೊಳಗಿನ ವೈ-ಫೈಯಲ್ಲಿದೆ.

2. 8.8.8.8 ಎಂಬ ವಿಳಾಸ. ಇದು ಗೂಗಲ್‌ನ ಸಾರ್ವಜನಿಕ ಸೇವೆ. ರೌಟರ್ ಸರಿಯಾಗಿ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಬಹುಮಟ್ಟಿಗೆ ಕಂಪನಿಯ ಲೈನಿನಲ್ಲಿದೆ.

3. ನಿಮಗೆ ಬೇಕಾದ ಜಾಲತಾಣ. ಮೇಲಿನ ಎರಡೂ ಸರಿ ಇದ್ದು, ಬೇರೆ ಜಾಲತಾಣಗಳೂ ತೆರೆಯುತ್ತಿದ್ದು, ಇದೊಂದೇ ತೆರೆಯದಿದ್ದರೆ ಸರ್ವರ್ ಕಡೆ ನೋಡಬೇಕು. ಆಗ ಕಾಯುವುದೊಂದೇ ದಾರಿ. ಫೋನ್ ಆಫ್ ಮಾಡಿ ಆನ್ ಮಾಡಿದರೂ ಏನೂ ಆಗದು.

ಮನೆಯ, ಅಂಗಡಿಯ ವೈ-ಫೈ: ಒಂದು ಹಾಳೆ, ಒಂದು ಪೆನ್, ಒಂದು ಆ್ಯಪ್

ದೊಡ್ಡ ಕಚೇರಿಗಳಲ್ಲಿ ವೈ-ಫೈ ಹಾಕುವ ಎಂಜಿನಿಯರುಗಳು ಲಕ್ಷಗಟ್ಟಲೆ ಬೆಲೆಯ ಅಳತೆ ಯಂತ್ರ ಹಿಡಿದು ಕಟ್ಟಡದ ತುಂಬ ಓಡಾಡಿ ನಕ್ಷೆ ಮಾಡುತ್ತಾರೆ. ನಾಲ್ಕು ಖೋಲಿಯ ಮನೆಗೆ ಅದು ಬೇಡ. ಆಂಡ್ರಾಯ್ಡ್ ಫೋನಿನಲ್ಲಿ "ವೈಫೈ ಅನಲೈಸರ್" ಎಂಬ ಉಚಿತ, ಓಪನ್ ಸೋರ್ಸ್ ಆ್ಯಪ್ ಇದೆ. "ವೈಫೈಮ್ಯಾನ್" ಎಂಬ ಇನ್ನೊಂದು ಉಚಿತ ಆ್ಯಪ್ ಇದೆ. ಐಫೋನ್‌ನಲ್ಲಿ ಆಪಲ್‌ನದೇ "ಏರ್‌ಪೋರ್ಟ್ ಯುಟಿಲಿಟಿ" ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ ವೈ-ಫೈ ಸ್ಕ್ಯಾನರ್ ಆನ್ ಮಾಡಬೇಕು.

ಇಂಥ ಆ್ಯಪ್ ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ ಕೇಳುತ್ತದೆ. ಅದಕ್ಕೆ ಕಾರಣವಿದೆ. ಸುತ್ತಲಿನ ವೈ-ಫೈ ಹೆಸರುಗಳಿಂದ ನೀವೆಲ್ಲಿದ್ದೀರಿ ಎಂದು ಪತ್ತೆ ಹಚ್ಚಬಹುದು, ಆದ್ದರಿಂದ ಆಂಡ್ರಾಯ್ಡ್ ಆ ಅನುಮತಿಯನ್ನು ಕಡ್ಡಾಯ ಮಾಡಿದೆ. ಆದರೆ ವೈ-ಫೈ ಅಳೆಯುವ ಆ್ಯಪ್ ನಿಮ್ಮ ಎಸ್‌ಎಂಎಸ್ ಅಥವಾ ಕಾಂಟ್ಯಾಕ್ಟ್ ಕೇಳಿದರೆ ಅಲ್ಲಿಗೇ ತೆಗೆದುಹಾಕಿ.

ಈಗ ಹಾಳೆಯ ಮೇಲೆ ಮನೆಯ ನಕ್ಷೆ ಬರೆಯಿರಿ. ಪಡಸಾಲೆ, ಅಡುಗೆಮನೆ, ಓದುವ ಜಾಗ, ಮಾಳಿಗೆ ಹೀಗೆ ಪ್ರತಿಯೊಂದು ಕಡೆ ಹೋಗಿ ಹತ್ತು ಸೆಕೆಂಡು ನಿಂತು ಡಿಬಿಎಂ ಸಂಖ್ಯೆ ಬರೆದುಕೊಳ್ಳಿ. ಎಲ್ಲ ಕಡೆ ಒಂದೇ ಫೋನ್ ಬಳಸಿ. ಬಾಗಿಲನ್ನು ದಿನನಿತ್ಯ ಹೇಗಿಡುತ್ತೀರೋ ಹಾಗೇ ಇಡಿ. ಫೋನಿಗೂ ರೌಟರ್‌ಗೂ ನಡುವೆ ನಿಮ್ಮ ಮೈ ಅಡ್ಡ ಬಂದರೂ ಸಂಖ್ಯೆ ಇಳಿಯುತ್ತದೆ, ತಿರುಗಿ ನಿಂತು ಇನ್ನೊಮ್ಮೆ ನೋಡಿ.

ನಕ್ಷೆ ತುಂಬಿದಾಗ ಸಿಗ್ನಲ್ ಎಲ್ಲಿ ಸಾಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ನಮ್ಮ ಭಾಗದ ಹಳೆಯ ಮನೆಗಳ ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ವೈ-ಫೈಯನ್ನೂ ಹೀರುತ್ತದೆ. ತಗಡಿನ ಛಾವಣಿ, ಕಬ್ಬಿಣದ ಟ್ರೆಜರಿ ಹೀರುವುದಿಲ್ಲ, ಸಿಗ್ನಲನ್ನು ಹಿಂದಕ್ಕೆ ಎಸೆಯುತ್ತವೆ. ತುಂಬಿದ ನೀರಿನ ಟಾಕಿಯೂ ಒಳ್ಳೆಯ ಅಡ್ಡಗೋಡೆಯೇ. ಬಹಳಷ್ಟು ಮನೆಗಳಲ್ಲಿ ರೌಟರ್ ಇರುವುದು ಕೇಬಲ್ ಒಳಗೆ ಬಂದ ಮೂಲೆಯಲ್ಲಿ, ಟಿವಿಯ ಹಿಂದೆ. ಅದನ್ನು ಮನೆಯ ನಡುವಿಗೆ, ಎದೆಮಟ್ಟಕ್ಕಿಂತ ಮೇಲೆ ಇಟ್ಟು ಮತ್ತೆ ಅಳೆಯಿರಿ. ಖರ್ಚು ಕೆಲವು ಮೀಟರ್ ಕೇಬಲ್ ಅಷ್ಟೇ.

ಸಿಗ್ನಲ್ ಚೆನ್ನಾಗಿದ್ದೂ ವೇಗ ಇಲ್ಲದಿದ್ದರೆ? ಆಗ ಅದೇ ಆ್ಯಪ್‌ನಲ್ಲಿ ಚಾನೆಲ್ ಪಟ್ಟಿ ನೋಡಿ. 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಗದಗದ ಪೇಟೆಯಲ್ಲಿ ಗೋಡೆಗೆ ಗೋಡೆ ತಾಗಿದ ಅಂಗಡಿಗಳಿರುವಾಗ ಹತ್ತಾರು ರೌಟರ್‌ಗಳು ಒಂದೇ ಚಾನೆಲ್‌ನಲ್ಲಿ ಕೂತಿರಬಹುದು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳದ ಹಾಗೆ. ಈ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ರೌಟರ್ ಬದಲಿಸಿ, ಅಥವಾ 5 ಗಿಗಾಹರ್ಟ್ಸ್ ಬಳಸಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೌಟರ್ ಇರುವ ಖೋಲಿಗೆ ಅದು, ದೂರದ ಖೋಲಿಗೆ 2.4.

ಮೊಬೈಲ್ ಡೇಟಾ: ಗುಡ್ಡದ ನೆರಳೋ, ಜನರ ಗದ್ದಲವೋ?

ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ, ಅದರಲ್ಲಿ ಸಿಗ್ನಲ್‌ನ ಡಿಬಿಎಂ ಇರುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಅದುಮಬೇಕು. ಅಲ್ಲಿ ಓದಿ ಬನ್ನಿ, ಯಾವ ಆಯ್ಕೆಯನ್ನೂ ಬದಲಿಸಬೇಡಿ. "ನೆಟ್‌ಮಾನ್‌ಸ್ಟರ್" ಎಂಬ ಆ್ಯಪ್ ಇದೇ ಮಾಹಿತಿಯನ್ನು ಇನ್ನೂ ಸರಳವಾಗಿ ತೋರಿಸುತ್ತದೆ.

ಸಿಗ್ನಲ್ ದುರ್ಬಲವೋ ಅಥವಾ ಟವರ್ ತುಂಬಿ ತುಳುಕುತ್ತಿದೆಯೋ ಎಂದು ತಿಳಿಯಲು ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ, ರಾತ್ರಿ 8ಕ್ಕೆ ಹೀಗೆ ಮೂರು ಬಾರಿ ಡಿಬಿಎಂ ಮತ್ತು ವೇಗ ಎರಡನ್ನೂ ಬರೆದುಕೊಳ್ಳಿ. ವೇಗಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ "ಮೈಸ್ಪೀಡ್" ಆ್ಯಪ್ ಇದೆ. ಒಂದೊಂದು ಪರೀಕ್ಷೆಗೂ ಸಾಕಷ್ಟು ಡೇಟಾ ಖರ್ಚಾಗುತ್ತದೆ, ಸುಮ್ಮನೆ ಮೇಲಿಂದ ಮೇಲೆ ಮಾಡಬೇಡಿ.

ಮೂರೂ ಹೊತ್ತು ಡಿಬಿಎಂ -115ರ ಹತ್ತಿರವೇ ಇದ್ದರೆ ನೀವು ಟವರ್‌ನಿಂದ ದೂರ ಇದ್ದೀರಿ ಅಥವಾ ನಡುವೆ ಅಡ್ಡಿ ಇದೆ. ಗದಗ ಹತ್ತಿರದ ಬಿಂಕದಕಟ್ಟಿಯಿಂದ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನವರೆಗೆ ಹಬ್ಬಿರುವ ಕಪ್ಪತಗುಡ್ಡ ಇಂಥ ಅಡ್ಡಿಗೆ ಒಳ್ಳೆಯ ಉದಾಹರಣೆ. ಟವರ್ ಗುಡ್ಡದ ಆಚೆ, ಊರು ಈಚೆ ಇದ್ದರೆ ಅಂತರ ಕೆಲವೇ ಕಿಲೋಮೀಟರ್ ಆಗಿದ್ದರೂ ರೇಡಿಯೊ ಅಲೆ ನೆಟ್ಟಗೆ ಬರಲಾರದು. ಲಕ್ಷ್ಮೇಶ್ವರದ ಕಡೆಯ ಬಯಲು ಹೊಲಗಳಲ್ಲಿ ಅದೇ ಅಂತರ ದೊಡ್ಡ ವಿಷಯವಲ್ಲ. ಹಾಗಾಗಿ ಲಕ್ಷ್ಮೇಶ್ವರದ ಬೀಗರು "ಈ ಸಿಮ್ ಚಲೋ ಐತಿ" ಎಂದಾಕ್ಷಣ ಶಿರಹಟ್ಟಿ ತಾಲ್ಲೂಕಿನ ಗುಡ್ಡದ ಮಗ್ಗುಲಿನ ಊರಿನವರು ಅದನ್ನೇ ಕೊಳ್ಳಬೇಕಿಲ್ಲ. ಬೇರೆ ಬೇರೆ ಕಂಪನಿಯ ಸಿಮ್ ಇರುವ ಅಕ್ಕಪಕ್ಕದವರ ಫೋನ್‌ಗಳನ್ನು ನಿಮ್ಮ ಕಟ್ಟೆಯ ಮೇಲೇ ಇಟ್ಟು ಡಿಬಿಎಂ ನೋಡಿ. ಇದಕ್ಕಿಂತ ಅಗ್ಗದ ಸರ್ವೆ ಇಲ್ಲ.

ಡಿಬಿಎಂ ಚೆನ್ನಾಗಿದ್ದು, ಬೆಳಿಗ್ಗೆ ವೇಗ ಇದ್ದು, ರಾತ್ರಿ ಕುಸಿದರೆ ಟವರ್ ಮೇಲೆ ಜನ ಹೆಚ್ಚಾಗಿದ್ದಾರೆ. ಇದನ್ನು ನಿಮ್ಮ ಮನೆಯ ಯಾವ ಸಾಧನವೂ ಸರಿಪಡಿಸದು. ದೊಡ್ಡ ಡೌನ್‌ಲೋಡ್‌ಗಳನ್ನು ಬೆಳಗಿನ ಹೊತ್ತಿಗೆ ಮುಂದೂಡಬಹುದು, ಕಂಪನಿಗೆ ದೂರು ಕೊಡಬಹುದು.

ಇನ್ನೊಂದು ಮಾತು. ಸಿಗ್ನಲ್ ದುರ್ಬಲ ಇರುವಲ್ಲಿ ಫೋನ್ ಟವರ್‌ಗೆ ಕೇಳಿಸಲೆಂದು ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ. ಅದಕ್ಕೇ ಬಿಸಿಯಾಗುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಹೊಲದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಬ್ಯಾಟರಿ ಬದಲಿಸುವ ಮುಂಚೆ ಡಿಬಿಎಂ ನೋಡಿ.

ದುಡ್ಡು ಕೊಡುವುದಾದರೆ ಯಾವುದಕ್ಕೆ?

ಮೊದಲು ಮಲ್ಟಿಮೀಟರ್, ಅಂದರೆ ಎಲೆಕ್ಟ್ರಿಶಿಯನ್‌ಗಳು ವೋಲ್ಟೇಜ್ ನೋಡಲು ಬಳಸುವ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವೈರ್‌ಲೆಸ್ ತೊಂದರೆಗೂ ಕರೆಂಟಿನ ಮೀಟರ್‌ಗೂ ಏನು ಸಂಬಂಧ ಎನ್ನಿಸಬಹುದು. 2000ರ ದಶಕದ ಮಧ್ಯಭಾಗದಲ್ಲಿ ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಿನ ಆಸ್ಪತ್ರೆ ಸುತ್ತಲಿನ ಹಳ್ಳಿಗಳ ಕಣ್ಣಿನ ತಪಾಸಣಾ ಕೇಂದ್ರಗಳಿಗೆ ಬಹುದೂರದ ವೈ-ಫೈ ಸಂಪರ್ಕ ಹಾಕಿಕೊಂಡಿತು. ಹಳ್ಳಿಯ ರೋಗಿ ಅಲ್ಲಿಂದಲೇ ವಿಡಿಯೊ ಮೂಲಕ ವೈದ್ಯರ ಜೊತೆ ಮಾತಾಡುತ್ತಿದ್ದರು. ಇದನ್ನು ಕಟ್ಟಲು ನೆರವಾದ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ತನ್ನ ಅನುಭವ ಪ್ರಕಟಿಸಿತು. ಉಪಕರಣಗಳು ಕೆಡಲು, ಸಂಪರ್ಕ ಕಡಿಯಲು ದೊಡ್ಡ ಕಾರಣ ಅಲೆಗಳಾಗಿರಲಿಲ್ಲ, ಏರಿಳಿಯುವ ಕಳಪೆ ಕರೆಂಟ್ ಆಗಿತ್ತು.

ಕರೆಂಟ್ ಹೋಗಿ ಬರುವ ನಮ್ಮ ಊರುಗಳಿಗೂ ಈ ಪಾಠ ಹೊಂದುತ್ತದೆ. 12 ವೋಲ್ಟ್ ಎಂದು ಬರೆದ ರೌಟರ್ ಅಡಾಪ್ಟರ್ ಹಳತಾಗಿ 9-10 ವೋಲ್ಟ್ ಕೊಡುತ್ತಿದ್ದರೆ ಲೈಟ್ ಉರಿಯುತ್ತದೆ, ಆದರೆ ರೌಟರ್ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತದೆ. ಅಂಥವರಿಗೆ ಬೇಕಾದದ್ದು ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನ ಹೊಸ ಅಡಾಪ್ಟರ್. ಮೀಟರನ್ನು ಅಡಾಪ್ಟರ್‌ನ ಸಣ್ಣ ಪಿನ್ ಕಡೆ ಮಾತ್ರ ಹಿಡಿಯಿರಿ. ಗೋಡೆಯ ಸಾಕೆಟ್ ಅಳೆಯುವ ಕೆಲಸ ಬಲ್ಲವರಿಗೆ ಬಿಡಿ.

ಎರಡನೆಯದು ಒಂದು ಒಳ್ಳೆಯ ಲ್ಯಾನ್ ಕೇಬಲ್. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೌಟರ್‌ಗೆ ಜೋಡಿಸಿ ವೇಗ ನೋಡಿ. ಕೇಬಲ್‌ನಲ್ಲಿ ವೇಗ ಇದ್ದು ವೈ-ಫೈಯಲ್ಲಿ ಇಲ್ಲದಿದ್ದರೆ ವೈ-ಫೈ ತಪ್ಪು. ಎರಡರಲ್ಲೂ ಇಲ್ಲದಿದ್ದರೆ ಕಂಪನಿಯ ಲೈನ್ ತಪ್ಪು. ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಯಾವ ಅಳತೆಯೂ ಬೇಡ. ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಕಂಪನಿಗೆ ಫೋನ್ ಮಾಡಿ.

ಹತ್ತಾರು ಕಂಪ್ಯೂಟರ್ ಇರುವ ಶಾಲೆ, ಸೊಸೈಟಿ, ಪ್ರಿಂಟಿಂಗ್ ಪ್ರೆಸ್‌ಗಳವರು ಇನ್ನು ಕೆಲವು ನೂರು ರೂಪಾಯಿ ಹಾಕಿ ಕೇಬಲ್ ಟೆಸ್ಟರ್ ಇಟ್ಟುಕೊಳ್ಳಬಹುದು. ಕೇಬಲ್‌ನ ಎಂಟು ತಂತಿಗಳಲ್ಲಿ ಯಾವುದು ಕಡಿದಿದೆ ಎಂದು ಅದು ಹೇಳುತ್ತದೆ.

ಯಾವುದಕ್ಕೆ ಕೊಡಬಾರದು?

ಬೂಸ್ಟರ್ ಆ್ಯಪ್ ಮತ್ತು ಸ್ಟಿಕ್ಕರ್: ಆಂಟೆನಾ ಮತ್ತು ರೇಡಿಯೊ ಚಿಪ್ ಫೋನಿನ ಯಂತ್ರಭಾಗ. ಆ್ಯಪ್ ಅದರ ಶಕ್ತಿ ಹೆಚ್ಚಿಸಲಾರದು, ಸ್ಟಿಕ್ಕರ್ ಅಂತೂ ಏನೂ ಮಾಡದು. ಹಾಕುವ ಮುಂಚೆ ಮತ್ತು ಹಾಕಿದ ಮೇಲೆ ಡಿಬಿಎಂ ನೋಡಿ, ನಿಮಗೇ ತಿಳಿಯುತ್ತದೆ.

ಮೊಬೈಲ್ ಸಿಗ್ನಲ್ ಬೂಸ್ಟರ್: ಛಾವಣಿ ಮೇಲಿಡುವ ಈ ಡಬ್ಬಿಗಳನ್ನು ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳು ಬಿಟ್ಟು ಬೇರೆಯವರು ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಕಾನೂನುಬಾಹಿರ. 2022ರ ಜುಲೈನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾರಣವೂ ಸರಿಯಾಗಿದೆ. ಕಳಪೆ ಬೂಸ್ಟರ್ ಸಿಗ್ನಲ್ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡಿ ಟವರ್‌ಗೆ ಕಳಿಸುತ್ತದೆ. ಆಗ ಟವರ್‌ಗೆ ಉಳಿದವರ ದನಿ ಕೇಳದು. ಒಬ್ಬರ ಮನೆಯ ಬೂಸ್ಟರ್ ಇಡೀ ಓಣಿಯ ನೆಟ್‌ವರ್ಕ್ ಕೆಡಿಸಬಹುದು. ಮನೆಯ ವೈ-ಫೈಯನ್ನು ಮುಂದಕ್ಕೆ ಹಾಯಿಸುವ ವೈ-ಫೈ ರಿಪೀಟರ್ ಬೇರೆ, ಅದಕ್ಕೆ ಈ ನಿರ್ಬಂಧವಿಲ್ಲ. ಅದನ್ನು ಸಿಗ್ನಲ್ ಸತ್ತ ಜಾಗದಲ್ಲಿ ಇಡಬೇಡಿ, -65ರ ಆಸುಪಾಸು ಇನ್ನೂ ಸಿಗುವ ಜಾಗದಲ್ಲಿಡಿ. ತಾನೇ ಕೇಳಿಸಿಕೊಳ್ಳದ್ದನ್ನು ಅದು ಮುಂದೆ ಹೇಳಲಾರದು.

"ನೆಟ್‌ವರ್ಕ್ ಹೆಚ್ಚಿಸುವ" ಕೋಡ್: ಮೇಲೆ ಕೊಟ್ಟ ಎರಡು ಕೋಡ್‌ಗಳು ಮಾಹಿತಿಯ ಪುಟ ತೆರೆಯುತ್ತವೆ ಅಷ್ಟೇ. ಆದರೆ *401* ಅಥವಾ *21* ಒತ್ತಿ ಮುಂದೆ ಒಂದು ಮೊಬೈಲ್ ನಂಬರ್ ಹಾಕಿ ಎಂದು ಯಾರಾದರೂ ಹೇಳಿದರೆ ಎಚ್ಚರ. ಅದು ಕಾಲ್ ಫಾರ್ವರ್ಡಿಂಗ್. ನಿಮಗೆ ಬರುವ ಕರೆಗಳು ಅವರಿಗೆ ಹೋಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಹೋಗುತ್ತದೆ. ಕಂಪನಿಯ ಸಿಬ್ಬಂದಿ ಎಂದು ಹೇಳಿಕೊಂಡು ಹೀಗೆ ಮೋಸ ಮಾಡುವವರಿದ್ದಾರೆ.

ಬರೆದಿಟ್ಟ ಅಳತೆಗೆ ಬೆಲೆ ಇದೆ

"ನೆಟ್‌ವರ್ಕ್ ಸರಿ ಇಲ್ರಿ" ಎಂದು ಕಸ್ಟಮರ್ ಕೇರ್‌ಗೆ ಹೇಳಿದರೆ "ಫೋನ್ ರೀಸ್ಟಾರ್ಟ್ ಮಾಡಿ" ಎಂಬ ಉತ್ತರ ಬರುತ್ತದೆ. "ಒಂದೇ ಜಾಗದಲ್ಲಿ ಐದು ದಿನದಿಂದ -116 ಇದೆ, ಮೂರು ಫೋನ್‌ಗಳಲ್ಲಿ ನೋಡಿದ್ದೇವೆ, ದಿನಾಂಕ ಸಮಯ ಇಲ್ಲಿವೆ" ಎಂದರೆ ಮಾತು ಬೇರೆ. ಟ್ರಾಯ್ ನಿಯಮದ ಪ್ರಕಾರ 2024ರ ಅಕ್ಟೋಬರ್‌ನಿಂದ ಮೊಬೈಲ್ ಕಂಪನಿಗಳು ಎಲ್ಲೆಲ್ಲಿ ಯಾವ ಸೇವೆ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಆ ನಕ್ಷೆಯಲ್ಲಿ ನಿಮ್ಮ ಊರಿಗೆ 4ಜಿ ಬಣ್ಣ ಬಳಿದಿದ್ದು ನಿಮ್ಮ ಅಳತೆ ಬೇರೆ ಹೇಳುತ್ತಿದ್ದರೆ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 198ಕ್ಕೆ ಕರೆ ಮಾಡಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಒಂದು ಮನೆಯವರ ದೂರಿಗಿಂತ ಒಂದು ಓಣಿಯ ಹತ್ತು ಮನೆಯವರು ಒಟ್ಟಿಗೆ ಬರೆದ ಅಳತೆಗೆ ತೂಕ ಹೆಚ್ಚು. ನಿಮ್ಮ ವಾಟ್ಸಾಪ್ ಗುಂಪು ಇದಕ್ಕೆ ಚೆನ್ನಾಗಿ ಬಳಕೆಯಾಗುತ್ತದೆ. ಮುಂದಿನ ಬಾರಿ ಯಾರಾದರೂ ಬೂಸ್ಟರ್ ಡಬ್ಬಿಯ ಫಾರ್ವರ್ಡ್ ಕಳಿಸಿದರೆ ಅಲ್ಲಿ ಈ ಪ್ರಶ್ನೆ ಕೇಳಿ: "ನಿಮ್ಮ ಮನೆಯಲ್ಲಿ ಡಿಬಿಎಂ ಎಷ್ಟಿದೆ? ಹಾಕಿದ ಮೇಲೆ ಎಷ್ಟಾಯಿತು?"